ಕೆಲವು ದೇಶಗಳಲ್ಲಿ ಜನ ಜಾಸ್ತಿ ನೆಮ್ಮದಿಯಾಗಿರುವುದು ಯಾಕೆ?

ಪಯಣಿಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ನಿಮಗೆ ಅನ್ನಿಸಿದ್ದು ಹೇಳಿ.

ನಮ್ಮ ಮುಂದೆ ಈಗ ಎರಡು ಕೆಲಸ ಇವೆ. ಒಂದು ಅಮೆರಿಕದಲ್ಲಿ, ಕೈತುಂಬಾ ಸಂಬಳ. ಇನ್ನೊಂದು ಫಿನ್ಲೆಂಡ್‌ನಲ್ಲಿ. ಅಲ್ಲಿ ಸಂಬಳ ಕಡಿಮೆ, ತೆರಿಗೆ ಜಾಸ್ತಿ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆಲ್ಲ ಕತ್ತಲು. ಮಗಳಿಗೆ ಆರು ವರ್ಷ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಯಾರನ್ನು ಕೇಳಿದರೂ ಒಂದೇ ಮಾತು: ಫಿನ್ಲೆಂಡ್ ಜಗತ್ತಿನಲ್ಲೇ ಅತಿ ಸಂತೋಷದ ದೇಶ. 2018ರಿಂದ 2025ರವರೆಗೆ ಸತತ ಎಂಟು ಸಲ ಪಟ್ಟಿಯಲ್ಲಿ ಮೊದಲ ಸ್ಥಾನ. ಸರಿ. ಆದರೆ ನಾನು ಕೆಲಸದ ಮೇಲೆ ಎರಡು ಸಲ ಹೆಲ್ಸಿಂಕಿಗೆ ಹೋಗಿ ಬಂದವನು. ಟ್ರಾಮ್‌ನಲ್ಲಿ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರಿಂದ ಒಬ್ಬರು ದೂರ ನಿಂತಿರುತ್ತಾರೆ. ನಗುವ ಮುಖ ಕಂಡಿದ್ದೇ ಕಡಿಮೆ. ಹಾಗಾದರೆ ಆ ಸಂತೋಷ ಎಲ್ಲಿದೆ? ಅವರು ಅಳೆಯುತ್ತಿರುವುದಾದರೂ ಏನನ್ನು? ಹಣವಾ, ಸರ್ಕಾರವಾ, ಜನರ ಸ್ವಭಾವವಾ? ಮಗಳು ಬೆಳೆಯಬೇಕಾದ ಊರಿನ ವಿಷಯ, ಸುಮ್ನೆ ಪಟ್ಟಿ ನೋಡಿ ನಿರ್ಧಾರ ಮಾಡೋಕೆ ಮನಸ್ಸು ಒಪ್ಪುತ್ತಿಲ್ಲ.

ಗಣಿತ ಮೇಷ್ಟ್ರು:
ಪಯಣಿಗ ಅವರೇ, ಮೊದಲು ಆ ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ಹೇಳಿಬಿಡುತ್ತೇನೆ. ಅರ್ಧ ಗೊಂದಲ ಅಲ್ಲೇ ಇದೆ.

ಆ ಪಟ್ಟಿ ಬರುವುದು ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್ ಅನ್ನುವ ವರದಿಯಲ್ಲಿ. ಅದು ಶುರುವಾಗಿದ್ದು 2012ರಲ್ಲಿ. ಅದಕ್ಕೆ ಬೇಕಾದ ಸಮೀಕ್ಷೆ ಗ್ಯಾಲಪ್ ಸಂಸ್ಥೆಯದು. ಒಂದೊಂದು ದೇಶದಲ್ಲೂ ವರ್ಷಕ್ಕೆ ಸುಮಾರು 1,000 ಜನರನ್ನು ಮಾತಾಡಿಸುತ್ತಾರೆ, ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. ಪಟ್ಟಿಗೆ ಬೇಕಾಗುವುದು ಒಂದೇ ಪ್ರಶ್ನೆ. ಒಂದು ಏಣಿ ಇದೆ ಅಂದುಕೊಳ್ಳಿ. ತೀರಾ ಕೆಳಗಿನ ಮೆಟ್ಟಿಲು ಸೊನ್ನೆ, ತುದಿಯ ಮೆಟ್ಟಿಲು ಹತ್ತು. ನಿಮ್ಮ ಪಾಲಿಗೆ ಬರಬಹುದಾದ ಅತಿ ಒಳ್ಳೆಯ ಬದುಕು ತುದಿಯಲ್ಲಿದೆ, ಅತಿ ಕೆಟ್ಟದ್ದು ಕೆಳಗಿದೆ. ಈಗ ನೀವು ಎಷ್ಟನೇ ಮೆಟ್ಟಿಲ ಮೇಲೆ ನಿಂತಿದ್ದೀರಿ? ಇಷ್ಟೇ. ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನುವ ಮನಶ್ಶಾಸ್ತ್ರಜ್ಞ 1965ರಲ್ಲಿ ಬಳಕೆಗೆ ತಂದ ಏಣಿ ಇದು.

ನೋಡಿ, ಪ್ರಶ್ನೆಯಲ್ಲಿ 'ಸಂತೋಷ' ಅನ್ನುವ ಪದವೇ ಇಲ್ಲ. ನಗುವಿನ ಮಾತೂ ಇಲ್ಲ. ಕನ್ನಡದಲ್ಲಿ ನಮಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 'ಖುಷಿಯಾಗಿದ್ದೀಯಾ?' ಅಂತ ಕೇಳುವುದೇ ಬೇರೆ, 'ನೆಮ್ಮದಿಯಾಗಿದ್ದೀಯಾ?' ಅಂತ ಕೇಳುವುದೇ ಬೇರೆ. ಏಣಿ ಕೇಳುವುದು ಎರಡನೆಯದರ ಹತ್ತಿರ ಬರುತ್ತದೆ.

ಆದಾಯ, ಆರೋಗ್ಯದ ಆಯಸ್ಸು, ಕಷ್ಟಕ್ಕೆ ಆಗುವವರು, ಬೇಕಾದಂತೆ ಬದುಕುವ ಸ್ವಾತಂತ್ರ್ಯ, ಕೊಡುವ ಗುಣ, ಭ್ರಷ್ಟಾಚಾರ, ಈ ಆರಕ್ಕೂ ಅಂಕ ಹಾಕಿ ಕೂಡಿಸುತ್ತಾರೆ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ತಪ್ಪು. ಸ್ಥಾನ ಬರುವುದು ಜನ ಹೇಳಿದ ಮೆಟ್ಟಿಲಿನಿಂದ ಮಾತ್ರ. ದೇಶ ದೇಶಕ್ಕೂ ಇಷ್ಟು ಅಂತರ ಯಾಕೆ ಅಂತ ವಿವರಿಸುವಾಗ ಆಮೇಲೆ ಈ ಆರನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.

ಇನ್ನೊಂದು ಮಾತು. 2025ರ ವರದಿಯಲ್ಲಿ ಫಿನ್ಲೆಂಡ್‌ಗೆ 7.7, ಕೊನೆಯಲ್ಲಿರುವ ಅಫ್ಘಾನಿಸ್ತಾನಕ್ಕೆ 1.4. ಆ ಅಂತರ ನಿಜವಾದದ್ದು, ನೋಡಿದರೆ ಸಂಕಟವಾಗುತ್ತದೆ. ಆದರೆ ಮೊದಲ ಐದು ದೇಶಗಳ ನಡುವೆ ಅರ್ಧ ಮೆಟ್ಟಿಲಿನ ವ್ಯತ್ಯಾಸವೂ ಇಲ್ಲ. ಯಾರು ಮೊದಲು, ಯಾರು ಮೂರನೆಯವರು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮಿಂಚುಹುಳ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಆ ಏಣಿಯ ಬಗ್ಗೆಯೇ ನನಗೆ ತಕರಾರಿದೆ. ಏಣಿ ಅಂದ ಕೂಡಲೇ ಮನಸ್ಸಿಗೆ ಬರುವುದು ಮೇಲೆ ಹತ್ತುವುದು. ಅಂತಸ್ತು, ಹಣ, ಅಧಿಕಾರ. ಬ್ರಿಟನ್‌ನ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2024ರಲ್ಲಿ ಬಂತು. ಏಣಿಯ ಮಾತು ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಜನ ಹಣದ ಬಗ್ಗೆ ಕಡಿಮೆ ಯೋಚಿಸುತ್ತಾರೆ ಅಂತ ಅದರಲ್ಲಿ ಕಂಡಿತು.

'ನಿನ್ನೆ ನೀವು ಚೆನ್ನಾಗಿ ನಕ್ಕಿರಾ?' ಅಂತಲೂ ಗ್ಯಾಲಪ್‌ನವರೇ ಕೇಳುತ್ತಾರೆ. ಅದರಲ್ಲಿ ಮುಂದಿರುವುದು ಪರಾಗ್ವೆಯಂಥ ಲ್ಯಾಟಿನ್ ಅಮೆರಿಕದ ದೇಶಗಳು. ಪಯಣಿಗ ಅವರು ಟ್ರಾಮ್‌ನಲ್ಲಿ ಹುಡುಕಿದ್ದು ಆ ಸಂತೋಷವನ್ನು. ಅದಕ್ಕೂ ಬೆಲೆ ಇದೆ, ಅಲ್ವಾ? ದಿನಾ ನಗುವ ಬದುಕು ಕೆಳಗಿನದು, ಸುಮ್ಮನೆ ಕೂತು ಏಳೂವರೆ ಅನ್ನುವ ಬದುಕು ಮೇಲಿನದು ಅಂತ ಯಾರು ತೀರ್ಮಾನ ಮಾಡುವುದು?

ಆಮೇಲೆ ಫಿನ್ಲೆಂಡ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ನಂಥ ಈ ನಾರ್ಡಿಕ್ ದೇಶಗಳೆಲ್ಲ ಚಿಕ್ಕವು, ಶ್ರೀಮಂತ, ಒಂದೇ ಥರದ ಜನ. ಅಲ್ಲಿ ನೆಮ್ಮದಿ ಇದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ?

ಬೆಳಕಿಂಡಿ:
ನಾನು ಹನ್ನೊಂದು ವರ್ಷದಿಂದ ಫಿನ್ಲೆಂಡ್‌ನ ಟ್ಯಾಂಪೆರೆಯಲ್ಲಿದ್ದೇನೆ. ಆಸ್ಪತ್ರೆಯಲ್ಲಿ ನರ್ಸ್. ಇಬ್ಬರಿಗೂ ಸೇರಿಸಿ ಹೇಳುತ್ತೇನೆ.

ಮೊದಲ ಎರಡು ವರ್ಷ ನಾನು ಅತ್ತಿದ್ದೇ ಜಾಸ್ತಿ. ಭಾಷೆ ಬಾಯಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಬಾಗಿಲು ತೆರೆದು, ನಾನು ಮೆಟ್ಟಿಲಲ್ಲಿ ಇರುವುದು ಕಂಡರೆ ಒಂದು ಕ್ಷಣ ಒಳಗೇ ನಿಂತಿದ್ದು, ನಾನು ಹೋದ ಮೇಲೆ ಹೊರಗೆ ಬರುತ್ತಿದ್ದರು. ನನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲರಿಗೂ ಹಾಗೇ ಮಾಡುತ್ತಾರೆ. ಇನ್ನೊಬ್ಬರ ನೆಮ್ಮದಿಗೆ ಅಡ್ಡ ಬರಬಾರದು ಅನ್ನುವುದೇ ಅವರ ಮರ್ಯಾದೆ.

ಈಗ ಒಂದು ಚಿಕ್ಕ ವಿಷಯ. ಹಿಮ ಬಿದ್ದ ದಿನ ಬೆಳಗ್ಗೆ ಮಗುವಿನ ಶಾಲೆಯ ದಾರಿಯಲ್ಲಿ ನಡೆದರೆ, ಬೇಲಿಯ ಗೂಟಗಳ ಮೇಲೆ, ಗಿಡದ ಕೊಂಬೆಗಳ ಮೇಲೆ ಪುಟ್ಟ ಕೈಗವಸುಗಳು ಕಾಣುತ್ತವೆ. ಮಕ್ಕಳು ಬೀಳಿಸಿಕೊಂಡು ಹೋದವು. ದಾರಿಯಲ್ಲಿ ಬಂದವರು ಯಾರೋ ಎತ್ತಿ, ಹಿಮ ಕೊಡವಿ, ಮಗುವಿನ ಕಣ್ಣಿಗೆ ಬೀಳುವ ಎತ್ತರಕ್ಕೆ ಸಿಕ್ಕಿಸಿ ಹೋಗಿರುತ್ತಾರೆ. ನನ್ನ ಮಗನ ನೀಲಿ ಗವಸು ಒಂದು ಸಲ ನಾಲ್ಕು ದಿನ ಹಾಗೇ ಗೂಟದ ಮೇಲೆ ಇತ್ತು. ಐದನೇ ದಿನ ಅವನೇ ನೋಡಿ ತಂದುಕೊಂಡ. ಏಳು ವರ್ಷಕ್ಕೆ ಇಲ್ಲಿ ಶಾಲೆ ಶುರು. ಆ ವಯಸ್ಸಿನ ಮಕ್ಕಳು ಒಬ್ಬರೇ ನಡೆದು ಹೋಗುತ್ತಾರೆ, ಕತ್ತಲಲ್ಲಿ, ಬೆನ್ನಿನ ಚೀಲಕ್ಕೆ ಬೆಳಕಿಗೆ ಹೊಳೆಯುವ ಬಿಲ್ಲೆ ಸಿಕ್ಕಿಸಿಕೊಂಡು. ನಾನು ಮನೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ನಿದ್ದೆ ಮಾಡುತ್ತಿರುತ್ತೇನೆ. ಆ ನಿದ್ದೆಯನ್ನು ಯಾವ ಏಣಿಯಲ್ಲಿ ಅಳೆಯುತ್ತಾರೋ ಗೊತ್ತಿಲ್ಲ. ಆದರೆ ನನ್ನನ್ನು ಯಾರಾದರೂ ಕೇಳಿದರೆ ಎಂಟು ಅಂತ ಹೇಳುತ್ತೇನೆ.

ಗಣಿತ ಮೇಷ್ಟ್ರು:
ಅಕ್ಕ, ಆ ಗವಸಿನ ವಿಷಯಕ್ಕೆ ಸರಿಯಾಗಿ ಹೊಂದುವ ಒಂದು ಪ್ರಯೋಗ ಇದೆ. ಕಳೆದುಹೋದ ಪರ್ಸಿನದು. ಸಂಶೋಧಕರು 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಹೋಟೆಲ್, ಬ್ಯಾಂಕ್, ಅಂಚೆ ಕಚೇರಿಗಳ ಕೌಂಟರಿನಲ್ಲಿ 'ಹೊರಗೆ ಸಿಕ್ಕಿತು' ಅಂತ ಕೊಟ್ಟು ಬಂದರು. ಒಡೆಯನಿಗೆ ಇಮೇಲ್ ಬರುತ್ತದಾ ಅಂತ ಕಾದರು. 2019ರಲ್ಲಿ ಫಲಿತಾಂಶ ಬಂತು. ಹಣ ಇಲ್ಲದ ಪರ್ಸುಗಳಲ್ಲಿ ನೂರಕ್ಕೆ 40ರ ವಿಚಾರದಲ್ಲಿ ಇಮೇಲ್ ಬಂತು. ಹಣ ಇದ್ದ ಪರ್ಸುಗಳಲ್ಲಿ 51. ಹೌದು, ಹಣ ಇದ್ದಾಗಲೇ ಜಾಸ್ತಿ! ಸ್ವಿಟ್ಜರ್ಲೆಂಡ್ ಮತ್ತು ನಾರ್ಡಿಕ್ ದೇಶಗಳು ಮುಂದಿದ್ದವು.

2025ರ ಹ್ಯಾಪಿನೆಸ್ ವರದಿ ಇದನ್ನೇ ಹಿಡಿದುಕೊಂಡು ಒಂದು ಮಾತು ಹೇಳಿದೆ. ಪರ್ಸು ವಾಪಸ್ ಬರುತ್ತದೆ ಅಂತ ನಂಬುವ ಜನ ಬದುಕಿಗೂ ಹೆಚ್ಚು ಅಂಕ ಕೊಡುತ್ತಾರೆ. ಮತ್ತೆ, ಜಗತ್ತಿನ ಎಲ್ಲ ಕಡೆಯೂ ಜನ ತಮ್ಮ ನೆರೆಹೊರೆಯವರನ್ನು ಇರುವುದಕ್ಕಿಂತ ಕೆಟ್ಟವರು ಅಂದುಕೊಂಡಿದ್ದಾರೆ. ನಿಜಕ್ಕೂ ವಾಪಸ್ ಬರುವ ಪರ್ಸುಗಳು ಜನ ಅಂದಾಜು ಮಾಡಿದ್ದಕ್ಕಿಂತ ಸುಮಾರು ಎರಡು ಪಟ್ಟು.

ಮಿಂಚುಹುಳ ಅವರ ಪ್ರಶ್ನೆಗೆ ಬರುತ್ತೇನೆ. ಅಪರಿಚಿತರನ್ನು ನಂಬಬಹುದಾ ಅಂತ ಕೇಳಿದರೆ ಡೆನ್ಮಾರ್ಕ್, ನಾರ್ವೆಯಲ್ಲಿ ಹತ್ತರಲ್ಲಿ ಏಳು ಜನ ಹೌದು ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ ಹತ್ತರಲ್ಲಿ ಒಬ್ಬರು ಸಿಗುವುದೂ ಕಷ್ಟ. ನಗುವಿನಲ್ಲಿ ಲ್ಯಾಟಿನ್ ಅಮೆರಿಕದವರು ಮುಂದೆ, ನಿಜ. ಆದರೆ ಬೀಗ ಹಾಕಿದ ಬಾಗಿಲಿನ ಒಳಗೆ ನಗುವುದಕ್ಕೂ ಬೀದಿಯಲ್ಲಿ ನಿಶ್ಚಿಂತೆಯಾಗಿ ನಡೆಯುವುದಕ್ಕೂ ವ್ಯತ್ಯಾಸ ಇದೆ. ನನ್ನ ಅಭಿಪ್ರಾಯದಲ್ಲಿ ಎರಡೂ ಬೇಕು. ಆದರೆ ಒಂದು ದೇಶ ತನ್ನ ಜನಕ್ಕೆ ಕೊಡಬಹುದಾದದ್ದು ಎರಡನೆಯದು. ನಗುವನ್ನು ಕಾನೂನು ಮಾಡಿ ಕೊಡೋಕೆ ಆಗುವುದಿಲ್ಲ.

ಇನ್ನು 'ಒಂದೇ ಥರದ ಜನ' ಅನ್ನುವ ವಾದ. ಸ್ವೀಡನ್‌ನಲ್ಲಿ ಐವರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡ್‌ಗೆ ನಾಲ್ಕು ರಾಷ್ಟ್ರಭಾಷೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 2018ರ ವರದಿಯಲ್ಲಿದೆ. ಅದರಲ್ಲಿ 117 ದೇಶಗಳ ವಲಸಿಗರನ್ನು ಬೇರೆಯಾಗಿ ಲೆಕ್ಕ ಹಾಕಿದರು. ವಲಸಿಗರ ಪಟ್ಟಿ ಮತ್ತು ಅಲ್ಲೇ ಹುಟ್ಟಿದವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಫಿನ್ಲೆಂಡ್ ಮೊದಲು. ಸಂತೋಷ ರಕ್ತದಲ್ಲಿ, ಸ್ವಭಾವದಲ್ಲಿ ಇದ್ದಿದ್ದರೆ ಎಲ್ಲಿಂದಲೋ ಬಂದವರಿಗೆ ಅದು ಹೇಗೆ ಅಂಟುತ್ತಿತ್ತು ಹೇಳಿ?

ಒಂಟಿ ಮರ:
ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಪಯಣಿಗ ಅವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಒಂಬತ್ತು ವರ್ಷ ಇದ್ದೆ. ಒಳ್ಳೆಯ ಸಂಬಳ, ದೊಡ್ಡ ಮನೆ. ಒಂದು ಬುಧವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ತಪ್ಪು ಹಾಕಿದೆ ಅಂತ ಮೂರು ಸಲ ಪ್ರಯತ್ನ ಮಾಡಿದೆ. ಹತ್ತು ನಿಮಿಷದ ಮೇಲೆ ಫೋನ್ ಬಂತು. ಕೆಲಸ ಹೋಗಿತ್ತು. ಹೆಂಡತಿಗೆ ಆಗ ಏಳು ತಿಂಗಳು. ನಮ್ಮ ಆರೋಗ್ಯ ವಿಮೆ ಕಂಪನಿಯ ಮೂಲಕ ಇದ್ದದ್ದು, ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು. ನಮ್ಮದು ಎಚ್-1ಬಿ ವೀಸಾ. 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವಾದರೆ ದೇಶ ಬಿಡಬೇಕು. ಆ ಅರವತ್ತು ದಿನ ನಾನು ಹೆಂಡತಿಯ ಮುಖ ನೋಡಿ ಮಾತಾಡಿದ್ದು ಕಡಿಮೆ. ರಾತ್ರಿ ಎದ್ದು ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ.

54ನೇ ದಿನ ಕೆಲಸ ಸಿಕ್ಕಿತು. ಮಗು ಚೆನ್ನಾಗಿ ಹುಟ್ಟಿತು. ಆದರೆ ಆಮೇಲೆ ಸಂಬಳ ಎಷ್ಟು ಬಂದರೂ ಆ ಬುಧವಾರ ನನ್ನೊಳಗಿಂದ ಹೋಗಲಿಲ್ಲ. ಪ್ರತಿ ಬೆಳಗ್ಗೆ ಲಾಗಿನ್ ಆಗುವವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ಅಲ್ಲಿನ ಜನ ತುಂಬಾ ಒಳ್ಳೆಯವರು. ಎದುರು ಮನೆಯ ಅಜ್ಜಿ ಕೇಳದೆಯೇ ತೊಟ್ಟಿಲು ತಂದುಕೊಟ್ಟರು. ಹಳೆಯ ಸಹೋದ್ಯೋಗಿಗಳು ಹತ್ತು ಕಡೆ ನನ್ನ ಹೆಸರು ಹೇಳಿದರು. ಕೊರತೆ ಇದ್ದದ್ದು ಜನರಲ್ಲಿ ಅಲ್ಲ. ಬಿದ್ದರೆ ಹಿಡಿಯುವ ಬಲೆ ಇರಲಿಲ್ಲ.

ಪಯಣಿಗ:
ಒಂಟಿ ಮರ ಅವರೇ, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ನನ್ನ ಹೆಂಡತಿಗೂ ಓದಿ ಹೇಳಿದೆ. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಕಡಲಹಕ್ಕಿ:
ಒಂಟಿ ಮರ ಅಣ್ಣ ಹೇಳಿದ ಬಲೆಯ ಬಗ್ಗೆ ಒಂದು ತಿದ್ದುಪಡಿ. ನಾರ್ಡಿಕ್ ದೇಶಗಳಲ್ಲಿ ಕೆಲಸ ಹೋಗುವುದೇ ಇಲ್ಲ ಅಂತ ಯಾರೂ ತಿಳಿಯಬೇಡಿ. ನಾನಿದ್ದ ಡೆನ್ಮಾರ್ಕ್‌ನಲ್ಲಿ ಕೆಲಸದಿಂದ ತೆಗೆಯುವುದು ಯೂರೋಪಿನ ಎಷ್ಟೋ ದೇಶಗಳಿಗಿಂತ ಸುಲಭ. ನನ್ನನ್ನೂ ತೆಗೆದರು. ಆದರೆ ಅಲ್ಲಿ 'ಆ-ಕಾಸ್ಸೆ' ಅಂತ ನಿರುದ್ಯೋಗ ನಿಧಿ ಇರುತ್ತದೆ. ತಿಂಗಳಿಗಿಷ್ಟು ಕಟ್ಟಿ ಸದಸ್ಯರಾಗಿದ್ದರೆ, ಕೆಲಸ ಹೋದ ಮೇಲೆ ಎರಡು ವರ್ಷದವರೆಗೆ ಹಣ ಬರುತ್ತದೆ. ಹಳೆಯ ಸಂಬಳದ ನೂರಕ್ಕೆ 90ರವರೆಗೆ, ಒಂದು ಮಿತಿಯೊಳಗೆ. ಹೆಚ್ಚು ಸಂಬಳ ಇದ್ದವರಿಗೆ ಆ ಮಿತಿಯಿಂದಾಗಿ ಕಡಿಮೆಯೇ ಸಿಗುತ್ತದೆ, ಅದೂ ಗೊತ್ತಿರಲಿ. ಆಸ್ಪತ್ರೆಗೂ ಕೆಲಸಕ್ಕೂ ಸಂಬಂಧವೇ ಇಲ್ಲ. ಹೊಸ ಕೆಲಸ ಕಲಿಯೋಕೆ ತರಬೇತಿ ಕೊಡುತ್ತಾರೆ. ನಾನು ನಾಲ್ಕು ತಿಂಗಳು ಮನೆಯಲ್ಲಿದ್ದೆ. ಬೇಸರ ಆಯಿತು, ಹೆದರಿಕೆ ಆಗಲಿಲ್ಲ.

ಹೊರಗಿನಿಂದ ಹೋಗುವವರು ನೆನಪಿಡಿ: ಒಂದು ವರ್ಷ ಸದಸ್ಯರಾಗಿರದಿದ್ದರೆ ಹಣ ಬರುವುದಿಲ್ಲ. ಅಲ್ಲಿಗೆ ಹೋದ ಮೊದಲ ವಾರವೇ ಸೇರಿಕೊಳ್ಳಬೇಕು. ನನ್ನ ಗೆಳತಿ ಆಮೇಲೆ ನೋಡೋಣ ಅಂತ ಬಿಟ್ಟು ಕಷ್ಟಪಟ್ಟಳು.

ಇಷ್ಟೆಲ್ಲ ಇದ್ದರೂ ನಾನು ಆರು ವರ್ಷಕ್ಕೆ ಡೆನ್ಮಾರ್ಕ್ ಬಿಟ್ಟೆ. ಅದನ್ನೂ ಹೇಳಬೇಕು. ಅಲ್ಲಿ ಗೆಳೆತನ ಆಗುವುದು ಬಹಳ ನಿಧಾನ. ಅವರಿಗೆ ಶಾಲೆಯಲ್ಲಿ ಜೊತೆಗಿದ್ದವರೇ ಕೊನೆಯವರೆಗೂ ಗೆಳೆಯರು. ಕೆಲಸದ ದಿನಗಳಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಭಾನುವಾರ ಯಾರೂ ಕರೆಯುವುದಿಲ್ಲ. ಸರ್ಕಾರ ನನ್ನನ್ನು ಚೆನ್ನಾಗಿ ನೋಡಿಕೊಂಡಿತು. ಆದರೆ ಜ್ವರ ಬಂದ ದಿನ ತಲೆ ಮುಟ್ಟಿ ನೋಡುವವರು ಇರಲಿಲ್ಲ.

ಬೆಳಕಿಂಡಿ:
ನಿಜ. ಅದನ್ನು ಮುಚ್ಚಿಡಬಾರದು. ನನಗೆ ಮಗು ಆದ ಮೇಲೆ, ಭಾಷೆ ಬಂದ ಮೇಲೆ ಜನ ಸಿಕ್ಕರು. ಒಬ್ಬರೇ ಇರುವವರಿಗೆ ಇಲ್ಲಿ ತುಂಬಾ ಕಷ್ಟ.

ಮಗುವಿನ ಮಾತು ಬಂತಲ್ಲ, ಒಂದು ನೆನಪು. ಇಲ್ಲಿ ಬಸುರಿಯರಿಗೆ ಸರ್ಕಾರ ಒಂದು ಪೆಟ್ಟಿಗೆ ಕೊಡುತ್ತದೆ. ಬಟ್ಟೆ, ಹೊದಿಕೆ, ತಳದಲ್ಲಿ ಚಿಕ್ಕ ಹಾಸಿಗೆ. 1938ರಲ್ಲಿ ಬಡ ತಾಯಂದಿರಿಗೆ ಅಂತ ಶುರುವಾದದ್ದು, 1949ರಿಂದ ಎಲ್ಲರಿಗೂ. ಒಂದು ಷರತ್ತು, ನಾಲ್ಕನೇ ತಿಂಗಳು ಮುಗಿಯುವುದರೊಳಗೆ ವೈದ್ಯರಿಗೋ ತಾಯಂದಿರ ಕ್ಲಿನಿಕ್ಕಿಗೋ ತೋರಿಸಿಕೊಂಡಿರಬೇಕು. ಆ ಷರತ್ತಿನಿಂದ ಎಷ್ಟೋ ಜೀವ ಉಳಿಯಿತು ಅನ್ನುತ್ತಾರೆ. ನನಗೂ ಆ ಪೆಟ್ಟಿಗೆ ಬಂತು. ಆ ಚಳಿಗಾಲ ಗಾಡಿ ತಳ್ಳಿಕೊಂಡು ಹೊರಗೆ ಹೋದರೆ, ಎದುರು ಬರುವ ಗಾಡಿಯ ಮಗುವಿನ ಮೈಮೇಲೂ ನನ್ನ ಮಗನ ಮೈಮೇಲಿದ್ದ ಅದೇ ಅಂಗಿ. ನಮ್ಮ ವಾರ್ಡಿನ ದೊಡ್ಡ ಡಾಕ್ಟರಮ್ಮನ ಮಗುವಿಗೂ ಅದೇ. ಯಾವ ತಾಯಿ ಶ್ರೀಮಂತೆ, ಯಾರು ವಲಸೆ ಬಂದವಳು ಅಂತ ಬಟ್ಟೆ ನೋಡಿ ಹೇಳೋಕೆ ಆಗುತ್ತಿರಲಿಲ್ಲ. ಇಬ್ಬರೂ ಬಟ್ಟೆ ನೋಡಿ ನಕ್ಕೆವು. ನನಗೆ ಈ ದೇಶದಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಹಾಗೆ.

ಮಿಂಚುಹುಳ:
ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೂ ಕೇಳುತ್ತೇನೆ, ಇದೆಲ್ಲ ಹಣ ಇದ್ದವರ ಕಥೆ ಅಲ್ವಾ? ನಾರ್ವೆಗೆ ಎಣ್ಣೆ ಸಿಕ್ಕಿತು. ಬಡ ದೇಶ ಪೆಟ್ಟಿಗೆ ಎಲ್ಲಿಂದ ಕೊಡಬೇಕು? ಅಲ್ಲದೆ ಅಲ್ಲಿ ಆತ್ಮಹತ್ಯೆ ಜಾಸ್ತಿ ಅಂತ ಕೇಳಿದ್ದೇನೆ.

ಗಣಿತ ಮೇಷ್ಟ್ರು:
ಎರಡನೆಯದಕ್ಕೆ ಮೊದಲು ಉತ್ತರ. 1990ರ ಹೊತ್ತಿಗೆ ಫಿನ್ಲೆಂಡ್‌ನಲ್ಲಿ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ತುಂಬಾ ಹೆಚ್ಚಿದ್ದ ದೇಶಗಳ ಸಾಲಿನಲ್ಲಿತ್ತು. ಅವರು ಅದನ್ನು ಅವಮಾನ ಅಂತ ಮುಚ್ಚಿಡಲಿಲ್ಲ. 1986ರಿಂದ 1996ರವರೆಗೆ ಇಡೀ ದೇಶಕ್ಕೆ ಒಂದು ಯೋಜನೆ ಮಾಡಿದರು. ಒಂದು ವರ್ಷದ ಅವಧಿಯಲ್ಲಿ ನಡೆದ ಒಂದೊಂದು ಸಾವನ್ನೂ, ಮನೆಯವರ ಜೊತೆ ಕೂತು ಮಾತಾಡಿ, ಅರ್ಥ ಮಾಡಿಕೊಳ್ಳೋಕೆ ನೋಡಿದರು. ಖಿನ್ನತೆಗೆ ಚಿಕಿತ್ಸೆ ಸುಧಾರಿಸಿದರು. ಇವತ್ತು ಆ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಯೂರೋಪಿನ ಸರಾಸರಿಗಿಂತ ಇನ್ನೂ ಮೇಲೇ ಇದೆ, ಕೆಲಸ ಮುಗಿದಿಲ್ಲ.

ಮೊದಲನೆಯದಕ್ಕೆ ಈಗ. ಫಿನ್ಲೆಂಡ್‌ಗೆ ಎಣ್ಣೆ ಇಲ್ಲ. 1866ರಿಂದ 68ರ ಬರದಲ್ಲಿ ಅಲ್ಲಿ ನೂರಕ್ಕೆ ಎಂಟರಷ್ಟು ಜನ ಸತ್ತರು. 1918ರಲ್ಲಿ ಅಂತರ್ಯುದ್ಧ. ಮೂವತ್ತು ಲಕ್ಷ ಜನರ ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾವು. ಅಣ್ಣತಮ್ಮಂದಿರೇ ಎದುರಾಬದುರಾ ನಿಂತ ಹೊತ್ತು. ಆ ದೇಶದಲ್ಲಿ ಅಂದು ಯಾರು ಯಾರ ಮಗುವಿನ ಗವಸು ಎತ್ತಿಡುತ್ತಿದ್ದರು ಹೇಳಿ?

ಅದೇ ವರ್ಷ ಗೇಣಿದಾರರು ತಾವು ಉಳುತ್ತಿದ್ದ ಭೂಮಿಯನ್ನು ಕೊಂಡುಕೊಳ್ಳಬಹುದು ಅಂತ ಕಾನೂನು ತಂದರು. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡ್‌ನ ಪೂರ್ವ ಗಡಿಯ ಕರೇಲಿಯಾ ಪ್ರದೇಶದ ಬಹುಭಾಗ ಸೋವಿಯತ್ ಒಕ್ಕೂಟದ ಪಾಲಾಯಿತು. ಮನೆ ಬಿಟ್ಟು ಬಂದ 4 ಲಕ್ಷಕ್ಕೂ ಹೆಚ್ಚು ಜನರಿಗೆ ಉಳಿದವರ ಭೂಮಿಯಲ್ಲಿ ಪಾಲು ತೆಗೆದು ಕೊಟ್ಟರು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ ಅನ್ನುವ ಕಾನೂನು ಬಂದದ್ದು 1943ರಲ್ಲಿ, ಯುದ್ಧದ ನಡುವೆ. ಶ್ರೀಮಂತರಾದ ಮೇಲೆ ಹಂಚಿಕೊಂಡವರಲ್ಲ ಅವರು. ಇಲ್ಲದಾಗಲೇ ಹಂಚಿಕೊಂಡರು. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಮುಖ್ಯ ಅನ್ನಿಸುವುದು ಇದೇ. ನಂಬಿಕೆ ಅವರಿಗೆ ಹುಟ್ಟಿನಿಂದ ಬಂದ ಗುಣ ಅಲ್ಲ, ಕಟ್ಟಿಕೊಂಡದ್ದು.

ಹೊಳೆದಂಡೆ:
ಮೇಷ್ಟ್ರೇ, ನಾರ್ಡಿಕ್ ಬಿಟ್ಟು ಬೇರೆ ಕಡೆಯೂ ನೋಡೋಣ. ಮಧ್ಯ ಅಮೆರಿಕದ ಚಿಕ್ಕ ದೇಶ ಕೋಸ್ಟರಿಕಾ 2025ರ ಪಟ್ಟಿಯಲ್ಲಿ ಆರನೆಯದು, ಮೆಕ್ಸಿಕೊ ಹತ್ತನೆಯದು. ಅಮೆರಿಕ 24. ಕೋಸ್ಟರಿಕಾದ ತಲಾ ಆದಾಯ ಅಮೆರಿಕದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಜನರ ಆಯಸ್ಸು ಹೆಚ್ಚುಕಡಿಮೆ ಒಂದೇ.

ಅಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ರಾಜಧಾನಿ ಸಾನ್ ಹೊಸೆಯಲ್ಲಿ ಒಂದು ಹಳದಿ ಕೋಟೆ ಇದೆ. ಗೋಪುರದ ಗೋಡೆಯಲ್ಲಿ ಗುಂಡಿನ ತೂತುಗಳು ಇನ್ನೂ ಹಾಗೇ ಇವೆ. ಬೆರಳು ಇಟ್ಟು ನೋಡಿದ್ದೇನೆ. ಅದು ಸೇನೆಯ ಬಿಡಾರವಾಗಿತ್ತು. 1948ರಲ್ಲಿ ಅಲ್ಲೂ ಅಂತರ್ಯುದ್ಧ ಆಯಿತು. ಗೆದ್ದವನು ಹೊಸೆ ಫಿಗೆರೆಸ್. ಗೆದ್ದವರು ಸಾಮಾನ್ಯವಾಗಿ ಸೇನೆ ಬೆಳೆಸುತ್ತಾರೆ. ಆತ ಅದೇ ವರ್ಷ ಡಿಸೆಂಬರ್ 1ರಂದು ಆ ಕೋಟೆಗೆ ಹೋಗಿ, ಸುತ್ತಿಗೆ ಎತ್ತಿ ಗೋಡೆಗೆ ಹೊಡೆದು, ಇನ್ನು ನಮಗೆ ಸೇನೆ ಬೇಡ ಅಂದ. 1949ರ ಸಂವಿಧಾನದಲ್ಲಿ ಅದನ್ನು ಬರೆದರು. ಕೋಟೆ ಈಗ ರಾಷ್ಟ್ರೀಯ ವಸ್ತು ಸಂಗ್ರಹಾಲಯ. ಶಾಲೆಯ ಮಕ್ಕಳು ಅಲ್ಲಿ ಸಾಲಾಗಿ ಬರುತ್ತಾರೆ. ಸೇನೆಗೆ ಹೋಗಬೇಕಿದ್ದ ಹಣ ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ ತೆರೆಯಿತು.

1990ರ ದಶಕದಿಂದ ಊರೂರಿಗೂ ಚಿಕ್ಕ ಆರೋಗ್ಯ ತಂಡ ಇದೆ. ಒಬ್ಬ ಡಾಕ್ಟರು, ಒಬ್ಬ ನರ್ಸ್, ಮನೆಮನೆಗೆ ಹೋಗುವ ಒಬ್ಬ ಕಾರ್ಯಕರ್ತ. ನಾನಿದ್ದ ಮನೆಯ ಅಜ್ಜಿಗೆ ಬಿಪಿ. ಆ ಕಾರ್ಯಕರ್ತ ಬಂದು ಕೂತು, ಬಿಪಿ ನೋಡಿ, ಮಾತ್ರೆ ಎಣಿಸಿ, ಮೊಮ್ಮಗನಿಗೆ ಚುಚ್ಚುಮದ್ದು ಆಯಿತಾ ಅಂತ ವಿಚಾರಿಸಿ ಹೋಗುತ್ತಿದ್ದ. ಅಜ್ಜಿಯ ಮಕ್ಕಳು ಭಾನುವಾರ ಎಲ್ಲರೂ ಅಲ್ಲೇ. ಹದಿನೈದು ಜನ, ಆರು ಕುರ್ಚಿ. ಕಡಲಹಕ್ಕಿ ಹೇಳಿದ ಭಾನುವಾರ ಅಲ್ಲಿ ಇಲ್ಲವೇ ಇಲ್ಲ.

ಮಿಂಚುಹುಳ:
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಒಪ್ಪಿದೆ.

ಬೆಟ್ಟದ ಗಾಳಿ:
ಯಾರೂ ಭೂತಾನ್ ಎತ್ತಲಿಲ್ಲ. ಈ ಚರ್ಚೆಗೆ ಬೇರು ಅಲ್ಲೇ ಇದೆ. ದೇಶದ ಒಟ್ಟು ಉತ್ಪಾದನೆಗಿಂತ ಒಟ್ಟು ಸಂತೋಷ ಮುಖ್ಯ ಅಂತ 1970ರ ದಶಕದಲ್ಲೇ ಹೇಳಿದವರು ಅಲ್ಲಿನ ಆಗಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್. 2011ರಲ್ಲಿ ವಿಶ್ವಸಂಸ್ಥೆ ಸಂತೋಷದ ಬಗ್ಗೆ ನಿರ್ಣಯ ಮಾಡಿದ್ದು ಭೂತಾನ್ ಮುಂದಿಟ್ಟದ್ದರಿಂದ. ಮಾರ್ಚ್ 20ನ್ನು ಸಂತೋಷದ ದಿನ ಅಂತ ಆಚರಿಸುವುದೂ ಅಲ್ಲಿಂದಲೇ ಬಂದದ್ದು. ಅವರ ಅಳತೆಯಲ್ಲಿ ಒಂಬತ್ತು ವಿಭಾಗ ಇವೆ. ಸಮಯವನ್ನು ಹೇಗೆ ಕಳೆಯುತ್ತೀರಿ, ನಿದ್ದೆ ಎಷ್ಟು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ನನಗೆ ತುಂಬಾ ಇಷ್ಟ.

ಆದರೆ ಅದೇ ದೇಶದಿಂದ 1990ರ ದಶಕದ ಶುರುವಿನಲ್ಲಿ ನೇಪಾಳಿ ಮಾತಾಡುವ ಲ್ಹೋತ್ಸಂಪಾ ಜನ ಸುಮಾರು ಒಂದು ಲಕ್ಷ ಮಂದಿ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಬದುಕಬೇಕಾಯಿತು. ಸಂತೋಷವನ್ನು ಅಳೆಯುವಾಗ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅಂತ ಯಾವತ್ತೂ ಕೇಳಬೇಕು. ಈಚಿನ ವರ್ಷಗಳಲ್ಲಿ ಅಲ್ಲಿನ ಯುವಕರು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಒಳ್ಳೆಯ ಅಳತೆಪಟ್ಟಿ ಇದ್ದ ಮಾತ್ರಕ್ಕೆ ಕೆಲಸ ಹುಟ್ಟುವುದಿಲ್ಲ.

ಒಂಟಿ ಮರ:
ಅಮೆರಿಕದ ಬಗ್ಗೆ ಇನ್ನೊಂದು ವಿಷಯ ಸೇರಿಸುತ್ತೇನೆ, ಪಯಣಿಗ ಅವರ ಮಗಳು ಚಿಕ್ಕವಳು ಅಂತ. 2024ರ ವರದಿಯಲ್ಲಿ ವಯಸ್ಸಿನ ಪ್ರಕಾರ ಬೇರೆ ಬೇರೆ ಪಟ್ಟಿ ಕೊಟ್ಟಿದ್ದರು. ಅರವತ್ತು ದಾಟಿದ ಅಮೆರಿಕನ್ನರು ಹತ್ತನೇ ಸ್ಥಾನದಲ್ಲಿ. ಮೂವತ್ತರೊಳಗಿನವರು 62ರಲ್ಲಿ. ಒಂದೇ ದೇಶ, ಎರಡು ಬೇರೆ ಬದುಕು. 2023ರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರು. ಇಪ್ಪತ್ತು ವರ್ಷದ ಹಿಂದಿಗಿಂತ ಇದು ಅರ್ಧದಷ್ಟು ಜಾಸ್ತಿ. ನಾನು ಕೆಲಸ ಮಾಡಿದ ಕಡೆ ಹುಡುಗರು ಡಬ್ಬಿ ತೆರೆದು ಪರದೆ ನೋಡುತ್ತಲೇ ಊಟ ಮುಗಿಸುತ್ತಿದ್ದರು. ನಾನೂ ಹಾಗೇ ಮಾಡಿದೆ. ಪಕ್ಕದವನ ಹೆಂಡತಿಯ ಹೆಸರು ನನಗೆ ಗೊತ್ತಿರಲಿಲ್ಲ.

ಪಯಣಿಗ:
ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಒಂದೊಂದು ಚೀಟಿ ತೆಗೆದುಕೊಂಡು, ನಮಗೆ ಯಾವುದರ ಹೆದರಿಕೆ ಜಾಸ್ತಿ ಅಂತ ಒಬ್ಬರಿಗೊಬ್ಬರು ತೋರಿಸದೆ ಬರೆದೆವು. ನಾನು 'ಕೆಲಸ ಹೋದರೆ' ಅಂತ ಬರೆದಿದ್ದೆ. ಅವಳು 'ಮಾತಾಡೋಕೆ ಯಾರೂ ಸಿಗದಿದ್ದರೆ' ಅಂತ ಬರೆದಿದ್ದಳು. ಆಗ ಗೊತ್ತಾಯಿತು, ನನ್ನ ಚೀಟಿಗೆ ಫಿನ್ಲೆಂಡ್‌ನಲ್ಲಿ ಉತ್ತರ ಇದೆ, ಅವಳದಕ್ಕೆ ನಾವೇ ಹುಡುಕಬೇಕು. ಬಹಳ ಹೊತ್ತು ಮಾತಾಡಿದೆವು. ಫಿನ್ಲೆಂಡ್‌ಗೆ ಹೂಂ ಅಂತ ಹೇಳುತ್ತಿದ್ದೇವೆ. ಬೆಳಕಿಂಡಿ ಅಕ್ಕ, ಅವಳ ಚೀಟಿಗೆ ನೀವು ಏನು ಹೇಳುತ್ತೀರಿ?

ಬೆಳಕಿಂಡಿ:
ಸಾಧ್ಯವಾದರೆ ಆಗಸ್ಟಿನಲ್ಲಿ ಬನ್ನಿ. ನವೆಂಬರಿನಲ್ಲಿ ಮಾತ್ರ ಬೇಡ, ಆಗ ಹಿಮವೂ ಇರುವುದಿಲ್ಲ, ಬೆಳಕೂ ಇರುವುದಿಲ್ಲ. ಆಗಸ್ಟಿನಲ್ಲಿ ಶಾಲೆ ಶುರು, ಮಗಳಿಗೂ ಅನುಕೂಲ.

ನಿಮ್ಮ ಹೆಂಡತಿ ಬಂದ ಮೊದಲ ವಾರವೇ ಭಾಷೆಯ ತರಗತಿಗೆ ಹೆಸರು ಕೊಡಲಿ. ಭಾಷೆ ಕಷ್ಟ, ಆದರೆ ಆ ತರಗತಿಯಲ್ಲೇ ಗೆಳತಿಯರು ಸಿಗುತ್ತಾರೆ, ಎಲ್ಲರೂ ಹೊಸಬರು. ಇಲ್ಲಿ ಜನ ಸುಮ್ಮನೆ ಕರೆದು ಮಾತಾಡಿಸುವುದಿಲ್ಲ, ಏನಾದರೂ ಕೆಲಸ ಜೊತೆಗೆ ಮಾಡಿದರೆ ಹತ್ತಿರವಾಗುತ್ತಾರೆ. ಹಾಡುವ ಗುಂಪು, ಹೊಲಿಗೆ, ಈಜು, ಯಾವುದಾದರೂ ಒಂದಕ್ಕೆ ಸೇರಲಿ, ಮೂರು ತಿಂಗಳು ಬಿಡದೆ ಹೋಗಲಿ. ಮೊದಲ ಎರಡು ತಿಂಗಳು ಯಾರೂ ಏನೂ ಕೇಳದಿದ್ದರೆ ಬೇಜಾರು ಮಾಡಿಕೊಳ್ಳಬಾರದು. ಕೆಲಸಕ್ಕೆ ಸೇರಿದ ದಿನವೇ ನೀವು ನಿರುದ್ಯೋಗ ನಿಧಿಗೆ ಸೇರಿಕೊಳ್ಳಿ, ತಡ ಮಾಡದೆ ಸೇರಬೇಕು ಅಂತ ಕಡಲಹಕ್ಕಿ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ.

ಮಗಳ ಗವಸಿಗೆ ಹೆಸರು ಹೊಲಿದು ಕಳಿಸಿ. ಟ್ಯಾಂಪೆರೆಯ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಭಾನುವಾರವೇ ಬನ್ನಿ.